ಮನೆಯ ವೈದ್ಯರು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ಕಂಡು ಲೋಕ ನಗುತ್ತದೆ. ಆದರೆ ಆರೋಗ್ಯದ ವಿಷಯದಲ್ಲಿ ನಮ್ಮಲ್ಲಿ ಅನೇಕರು ನಡೆದುಕೊಳ್ಳುವ ರೀತಿ ಇದಕ್ಕಿಂತ ಬೇರೆಯಾದುದಲ್ಲ. ನಡುರಾತ್ರಿಯಲ್ಲಿ ಮಗುವಿನ ಮೈ ಹೆಂಚಿನಂತೆ ಕಾದಾಗ, ಯಾವ ವೈದ್ಯರ ಬಳಿಗೆ ಹೋಗುವುದೆಂದು ಕೇಳಲು ನೆರೆಮನೆಯ ಬಾಗಿಲನ್ನು ತಟ್ಟುತ್ತೇವೆ. ಆ ಗಾಬರಿಯಲ್ಲಿ ಮಾಡಿದ ಆಯ್ಕೆ ಆಯ್ಕೆಯೆನಿಸದು. ಅದು ಕೈಗೆ ಸಿಕ್ಕಿದುದನ್ನು ಹಿಡಿದುಕೊಳ್ಳುವುದು ಮಾತ್ರ. ಮನೆಯ ವೈದ್ಯರನ್ನು ಮನೆಯವರೆಲ್ಲರೂ ಆರೋಗ್ಯದಿಂದಿರುವಾಗಲೇ ಆರಿಸಿಕೊಳ್ಳಬೇಕು.

ಮನೆಯ ವೈದ್ಯರೆಂದರೆ ಯಾರು? ಕಣ್ಣಿಗೆ, ಹೃದಯಕ್ಕೆ, ಮೂಳೆಗೆ ಬೇರೆ ಬೇರೆ ತಜ್ಞರಿದ್ದಾರೆ. ಅವರ ಜ್ಞಾನ ಆಳವಾದುದು. ಅದರ ಅಗತ್ಯವೂ ಉಂಟು. ಆದರೆ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಮನೆಯ ಎಲ್ಲರನ್ನೂ ಹಲವು ವರ್ಷಗಳಿಂದ ಬಲ್ಲ ವೈದ್ಯರ ಸ್ಥಾನವನ್ನು ತಜ್ಞರು ತುಂಬಲಾರರು. ತಾತನಿಗೆ ಸಿಹಿಮೂತ್ರ ರೋಗವಿತ್ತೆಂಬುದು, ತಾಯಿಗೆ ಯಾವ ಔಷಧ ಒಗ್ಗುವುದಿಲ್ಲವೆಂಬುದು, ತಂದೆಯ ದುಡಿಮೆ ಎಂಥದೆಂಬುದು ಆ ವೈದ್ಯರಿಗೆ ತಿಳಿದಿರುತ್ತದೆ. ಅವರು ರೋಗವನ್ನಷ್ಟೇ ಅಲ್ಲ, ರೋಗಿಯನ್ನೂ ಬಲ್ಲವರು.

ಈ ಪರಿಚಯದ ಬೆಲೆಯನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ರೈತನಿಗೆ ಕೆಮ್ಮು ಬಂದಿತು. ಸಂತೆಗೆ ಹೋದಾಗ ಅಲ್ಲಿಯ ವೈದ್ಯರೊಬ್ಬರಿಂದ ಐದು ದಿನಗಳ ಔಷಧವನ್ನು ತಂದನು. ಗುಣವಾಗದಿರಲು ಇನ್ನೊಂದು ಊರಿನ ವೈದ್ಯರನ್ನು ಕಂಡನು. ಬಳಿಕ ಔಷಧದ ಅಂಗಡಿಯವನನ್ನೇ ಕೇಳಿ ಗುಳಿಗೆಗಳನ್ನು ನುಂಗಿದನು. ಪ್ರತಿಯೊಬ್ಬರಿಗೂ ಅವನು, "ನಾಲ್ಕು ದಿನದಿಂದ ಕೆಮ್ಮು" ಎಂದೇ ಹೇಳಿದನು. ನಾಲ್ಕು ದಿನದ ಕೆಮ್ಮನ್ನು ಎಲ್ಲರೂ ನೋಡಿದರು. ಒಂದು ತಿಂಗಳ ಕೆಮ್ಮನ್ನು ಯಾರೂ ನೋಡಲಿಲ್ಲ. ಎರಡು ವಾರಗಳನ್ನು ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು, ಏಕೆಂದರೆ ಅದು ಕ್ಷಯವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಉಚಿತ ಚಿಕಿತ್ಸೆಯುಂಟು. ಅದು ಗುಣವಾಗುವ ರೋಗ. ಆದರೆ ರೋಗ ಪತ್ತೆಯಾಗದೆ ಕಳೆದ ದಿನಗಳಲ್ಲಿ ಅದು ಅವನ ಶ್ವಾಸಕೋಶವನ್ನು ಕೆಡಿಸುವುದಲ್ಲದೆ, ಅವನ ಪಕ್ಕದಲ್ಲಿ ಮಲಗುವ ಮಕ್ಕಳಿಗೂ ಹರಡಬಹುದು. ಒಬ್ಬರೇ ವೈದ್ಯರ ಬಳಿಗೆ ಮರಳಿ ಮರಳಿ ಹೋಗಿದ್ದರೆ ಅವರು, "ಇನ್ನೂ ಹೋಗಲಿಲ್ಲವೇ?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಯೇ ಅವನನ್ನು ಪರೀಕ್ಷೆಗೆ ಕಳುಹಿಸುತ್ತಿತ್ತು.

ಹಾಗಾದರೆ ವೈದ್ಯರನ್ನು ಆರಿಸುವುದು ಹೇಗೆ? ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯು ಉತ್ತಮ ವೈದ್ಯನಿಗೆ ನಾಲ್ಕು ಗುಣಗಳನ್ನು ಹೇಳುತ್ತದೆ: ಶಾಸ್ತ್ರದ ತಿಳಿವಳಿಕೆ, ಕಣ್ಣಾರೆ ಕಂಡು ಮಾಡಿದ ಅನುಭವ, ಕೆಲಸದಲ್ಲಿ ದಕ್ಷತೆ ಮತ್ತು ಶುಚಿತ್ವ. ಈ ಅಳತೆಗೋಲು ಇಂದಿಗೂ ಸವೆದಿಲ್ಲ. ವೈದ್ಯರು ಶಾಸ್ತ್ರವನ್ನು ಓದಿದವರೇ ಎಂಬುದನ್ನು ಅವರ ನೋಂದಣಿ ಸಂಖ್ಯೆಯಿಂದ ತಿಳಿಯಬಹುದು. ವೈದ್ಯರು ಅದನ್ನು ತಮ್ಮ ಚಿಕಿತ್ಸಾಲಯದಲ್ಲಿಯೂ ಔಷಧದ ಚೀಟಿಯಲ್ಲಿಯೂ ಕಾಣಿಸಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಗಳು ವಿಧಿಸಿದವು. ಉಳಿದ ಗುಣಗಳನ್ನು ನಾವೇ ಗಮನಿಸಬೇಕು. ನಾವು ಹೇಳುವುದನ್ನು ಅವರು ತಾಳ್ಮೆಯಿಂದ ಕೇಳುವರೇ? ಔಷಧವನ್ನು ಏಕೆ ಕೊಟ್ಟರೆಂದು ತಿಳಿಯುವಂತೆ ಹೇಳುವರೇ? ತಮ್ಮ ಕೈ ಮೀರಿದ ರೋಗವನ್ನು ಕಂಡಾಗ ಸಂಕೋಚವಿಲ್ಲದೆ ದೊಡ್ಡ ಆಸ್ಪತ್ರೆಗೆ ಕಳುಹಿಸುವರೇ? ರೋಗಿ ಬೇಡಿದನೆಂಬ ಕಾರಣಕ್ಕೇ ಸೂಜಿಮದ್ದು ಕೊಡದವರೇ ಹಿತವಂತರು. ಕಟ್ಟಡದ ಅಂದವಾಗಲಿ ಶುಲ್ಕದ ದೊಡ್ಡತನವಾಗಲಿ ವೈದ್ಯರ ಯೋಗ್ಯತೆಯನ್ನು ತಿಳಿಸುವುದಿಲ್ಲ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಎಷ್ಟೋ ಮನೆಗಳಿಗೆ ಮನೆಯ ವೈದ್ಯರಾಗಿದ್ದಾರೆ.

ಚರಕಸಂಹಿತೆ ವೈದ್ಯನ ಗುಣಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ರೋಗಿಗೂ ನಾಲ್ಕು ಗುಣಗಳಿರಬೇಕೆನ್ನುತ್ತದೆ. ನಡೆದುದನ್ನು ನೆನಪಿಡುವುದು, ಸೂಚನೆಯಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ಸರಿಯಾಗಿ ತಿಳಿಸುವುದು ಇವೇ ಆ ಗುಣಗಳು. ನಮ್ಮ ರೈತನಲ್ಲಿ ಕೊರತೆಯಾದುದು ಇವೇ ಅಲ್ಲವೇ? ನೆನಪಿನ ಭಾರವನ್ನು ಹಗುರಗೊಳಿಸಲು ಪ್ರತಿ ಮನೆಯಲ್ಲಿಯೂ ಒಂದು ಆರೋಗ್ಯದ ಪುಸ್ತಕವಿರಬೇಕು. ಯಾರಿಗೆ ಯಾವಾಗ ಯಾವ ಕಾಯಿಲೆ ಬಂದಿತು, ಯಾವ ಔಷಧ ಒಗ್ಗಲಿಲ್ಲ, ಯಾವ ಲಸಿಕೆ ಎಂದು ಆಯಿತು ಎಂಬುದನ್ನು ಅದರಲ್ಲಿ ಬರೆದಿಡಬೇಕು. ಓದುಬರಹ ಬಲ್ಲ ನಿಮ್ಮಂತಹ ವಿದ್ಯಾರ್ಥಿಗಳು ಈ ಕೆಲಸವನ್ನು ಇಂದೇ ಕೈಗೊಳ್ಳಬಹುದು.

ಬಂದ ರೋಗವನ್ನು ಕಳೆಯುವುದು ವೈದ್ಯಶಾಸ್ತ್ರದ ಅರ್ಧ ಕೆಲಸ. ಇರುವ ಆರೋಗ್ಯವನ್ನು ಕಾಯುವುದು ಇನ್ನರ್ಧ. ಅಧಿಕ ರಕ್ತದೊತ್ತಡವನ್ನೇ ನೋಡಿ. ಅದು ಬಹುಮಟ್ಟಿಗೆ ನೋವನ್ನು ಕೊಡುವುದಿಲ್ಲ, ಜ್ವರವನ್ನು ತರುವುದಿಲ್ಲ. ಮನುಷ್ಯ ಎಂದಿನಂತೆ ಉಂಡು ದುಡಿಯುತ್ತಿರುವಾಗಲೇ ಅವನ ಹೃದಯವನ್ನೂ ಮೂತ್ರಪಿಂಡಗಳನ್ನೂ ಒಳಗೊಳಗೇ ಸವೆಸುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆದು ನೋಡಿದರೆ ಮಾತ್ರ ಅದು ತಿಳಿಯುತ್ತದೆ. ಒತ್ತಡವು ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಎಚ್ಚರ ವಹಿಸಬೇಕು. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುವ ಏರ್ಪಾಡು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೆ. "ನನಗೇನಾಗಿದೆ?" ಎಂದು ತಂದೆತಾಯಿಗಳು ಕೇಳಿದರೆ, ಏನೂ ಆಗದಿರುವಾಗಲೇ ಹೋಗಬೇಕೆಂದು ನೀವು ಹೇಳಬೇಕು.

ನಿಮ್ಮ ಪಾಲಿನ ಕರ್ತವ್ಯವೂ ಒಂದಿದೆ. ಧನುರ್ವಾಯು ಮತ್ತು ಗಂಟಲಮಾರಿಯ ವಿರುದ್ಧದ ಲಸಿಕೆಯನ್ನು ಹತ್ತನೆಯ ವಯಸ್ಸಿನಲ್ಲಿಯೂ ಹದಿನಾರನೆಯ ವಯಸ್ಸಿನಲ್ಲಿಯೂ ಹಾಕಿಸಬೇಕೆಂದು ರಾಷ್ಟ್ರೀಯ ಲಸಿಕಾ ಪಟ್ಟಿ ಹೇಳುತ್ತದೆ. ಒಂಬತ್ತನೆಯ ತರಗತಿಯ ನೀವು ಈ ಎರಡರ ನಡುವೆ ಇದ್ದೀರಿ. ಮೊದಲನೆಯದು ಆಗಿದೆಯೇ ಎಂದು ಮನೆಯಲ್ಲಿ ಕೇಳಿ, ಎರಡನೆಯದನ್ನು ಮರೆಯಬೇಡಿ.

ಲಸಿಕೆಯಿಂದ ಏನಾದೀತು ಎಂದು ಉದಾಸೀನ ಮಾಡುವವರು ಚರಿತ್ರೆಯನ್ನು ನೋಡಲಿ. ಊರೂರುಗಳನ್ನೇ ನಡುಗಿಸಿದ ಸಿಡುಬು ಲೋಕದಿಂದ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಪೋಲಿಯೋ ಮುಕ್ತವೆಂಬ ಪ್ರಮಾಣ ನಮ್ಮ ದೇಶಕ್ಕೆ 2014ರಲ್ಲಿ ದೊರೆಯಿತು. ಈ ಜಯಗಳು ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯಿಂದ ಬಂದವಲ್ಲ. ಆರೋಗ್ಯವಾಗಿದ್ದ ಕೋಟ್ಯಂತರ ಮಕ್ಕಳನ್ನು ಅವರ ತಾಯಂದಿರು ಗೊತ್ತಾದ ದಿನ ಕಂಕುಳಲ್ಲೆತ್ತಿಕೊಂಡು ಲಸಿಕೆಯ ಸಾಲಿನಲ್ಲಿ ನಿಂತುದರಿಂದ ಬಂದವು. ಅಂಥ ತಾಯಂದಿರ ಎಚ್ಚರದ ಫಲವನ್ನು ಉಣ್ಣುತ್ತಿರುವ ನಾವು ಅದೇ ಎಚ್ಚರವನ್ನು ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳಬೇಕು.