ಕಿರುದಲೆಯ ಕಂದಗಳು: ಮುಖದ ಬೆಳವಣಿಗೆ ಮತ್ತು ಉಣಿಸುವ ಕ್ರಮ



ತುಂಬು ತಿಂಗಳಿಗೆ ಹುಟ್ಟಿದ ಶಿಶುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ವರ್ಷ ತುಂಬುವ ವೇಳೆಗೆ ಅದು ಸುಮಾರು 45-46 ಸೆಂಟಿಮೀಟರಿಗೆ ಏರುತ್ತದೆ. ವಯಸ್ಸಿಗೂ ಲಿಂಗಕ್ಕೂ ತಕ್ಕ ಅಳತೆಗಿಂತ ತಲೆ ಗಣನೀಯವಾಗಿ ಚಿಕ್ಕದಾಗಿರುವ ಸ್ಥಿತಿಯನ್ನು ವೈದ್ಯರು 'ಮೈಕ್ರೋಸೆಫಲಿ' ಎನ್ನುತ್ತಾರೆ. ನಾವು ಕಿರುದಲೆ ಎನ್ನೋಣ. ಮಾರೇನಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಇಂತಹ ಮಕ್ಕಳನ್ನು ಕರೆತರುವ ತಾಯಂದಿರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು: "ಮುಖ ಏಕೆ ಹೀಗಿದೆ?" "ಹೇಗೆ ಉಣಿಸಲಿ?"

ಕಾರಣಗಳು

ಗ್ರಹಣ ನೋಡಿದ್ದರಿಂದಲೋ ತಾಯಿಯ ಯಾವುದೋ ಪಾಪದಿಂದಲೋ ಇದು ಬರುವುದಿಲ್ಲ. ಗರ್ಭಿಣಿಗೆ ತಗಲುವ ರುಬೆಲ್ಲಾ, ಸೈಟೊಮೆಗಲೊ, ಜಿಕಾ ಮೊದಲಾದ ಸೋಂಕುಗಳು, ಮದ್ಯಪಾನ, ಹೆರಿಗೆಯ ಹೊತ್ತಿನಲ್ಲಿ ಮೆದುಳಿಗೆ ಪ್ರಾಣವಾಯುವಿನ ಕೊರತೆ, ವಂಶವಾಹಿಗಳ ದೋಷ ಇವು ಪ್ರಮುಖ ಕಾರಣಗಳು. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಜಿಕಾ ಹರಡಿದಾಗ ಕಿರುದಲೆಯ ಶಿಶುಗಳು ಬಹುಸಂಖ್ಯೆಯಲ್ಲಿ ಜನಿಸಿದವು. ನಮ್ಮ ರಾಜ್ಯದಲ್ಲಿ ಜಿಕಾ ಸೋಂಕು ಮೊದಲು ದೃಢಪಟ್ಟದ್ದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ. ಆದ್ದರಿಂದ ಗರ್ಭಿಣಿಯರು ಸೊಳ್ಳೆಯ ಕಡಿತದಿಂದ ದೂರವಿರಬೇಕು.

ಸೋದರಮಾವನೊಡನೆ, ಸೋದರತ್ತೆಯ ಮಗನೊಡನೆ ಮದುವೆ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ದಂಪತಿಗಳಿಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯಕ್ಕೆ 'ಅತುಲ್ಯಗೋತ್ರೀಯ' ಎಂದೇ ಹೆಸರು. ಬೇರೆ ಕುಲದವರ ಸಂಬಂಧದ ಮಾತು ಅಷ್ಟು ಹಳೆಯದು.

ಮುಖದ ರಚನೆ

ತಲೆಬುರುಡೆ ತಾನಾಗಿ ಬೆಳೆಯುವುದಲ್ಲ. ಒಳಗಿನ ಮೆದುಳು ಬೆಳೆದಂತೆ ಅದು ಹಿಗ್ಗುತ್ತದೆ. ಮೆದುಳಿನ ಬೆಳವಣಿಗೆ ಕುಂಠಿತವಾದರೆ ಬುರುಡೆಯೂ ಕಿರಿದಾಗಿ ಉಳಿದು ಹಣೆ ಹಿಂದಕ್ಕೆ ಇಳಿಜಾರಾಗುತ್ತದೆ. ಮುಖದ ಮೂಳೆಗಳಾದರೋ ಬಹುಮಟ್ಟಿಗೆ ತಮ್ಮ ಗತಿಯಲ್ಲಿ ಬೆಳೆಯುತ್ತವೆ. ಹೀಗಾಗಿ ಮುಖ ಮುಂಚಾಚಿದಂತೆ, ಕಿವಿಗಳು ದೊಡ್ಡವಾದಂತೆ ತೋರುತ್ತವೆ. ಎಣ್ಣೆ ತಿಕ್ಕಿ ತಲೆಯನ್ನು ಒತ್ತುವುದರಿಂದ ಈ ಆಕಾರ ಬದಲಾಗದು. ತಲೆಯನ್ನು ದೊಡ್ಡದು ಮಾಡುವ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಅಂತಹ ಭರವಸೆಗೆ ಹಣ ತೆರಬೇಡಿರಿ.

ತುಟಿ, ನಾಲಗೆ, ದವಡೆಗಳ ಸ್ನಾಯುಗಳನ್ನು ನಡೆಸುವುದೂ ಮೆದುಳೇ. ಹಿಡಿತ ತಪ್ಪಿದಾಗ ಬಾಯಿ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ, ನಾಲಗೆ ತುತ್ತನ್ನು ಹೊರಕ್ಕೆ ತಳ್ಳುತ್ತದೆ. ಕೆಲವರಲ್ಲಿ ಅಂಗುಳ ಕಿರಿದಾಗಿ ಮೇಲಕ್ಕೆ ಕಮಾನಾಗಿರುತ್ತದೆ. ಮೊಲೆಯುಣ್ಣಲು ಮಗು ಬೇಗ ದಣಿಯುತ್ತದೆ. ಇದು ಮಗುವಿನ ಹಟವಲ್ಲ.

ಉಣಿಸುವ ಕ್ರಮ

'ನೆತ್ತಿಗೇರಿತು' ಎಂದು ನಾವು ತಲೆ ತಟ್ಟುತ್ತೇವೆ. ವಾಸ್ತವದಲ್ಲಿ ಆಹಾರ ಏರುವುದು ನೆತ್ತಿಗಲ್ಲ, ಜಾರುವುದು ಶ್ವಾಸನಾಳಕ್ಕೆ. ಕೆಲವು ಮಕ್ಕಳಲ್ಲಿ ಕೆಮ್ಮು ಕೂಡ ಬರದೆ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಉಂಟಾಗುತ್ತದೆ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಒಳಲೆಯಿಂದ ಹುಯ್ಯುವ ಪದ್ಧತಿಯನ್ನು ಖಂಡಿತ ಬಿಡಬೇಕು. ಮೂಗಿಗೆ ಎಣ್ಣೆ ಹಾಕುವುದೂ ಅಪಾಯ.

1. ಬೆನ್ನಿಗೆ ಆಧಾರ ಕೊಟ್ಟು ಕೂರಿಸಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿದ್ದು ಗಲ್ಲ ತುಸು ಕೆಳಕ್ಕೆ ಬಾಗಿರಲಿ.

2. ಎದುರು ಕುಳಿತು, ಮಗುವಿನ ಕಣ್ಣಿನ ಮಟ್ಟದಿಂದ ಉಣಿಸಿ. ಮೇಲಿನಿಂದ ಕೊಟ್ಟರೆ ಕತ್ತು ಹಿಂದಕ್ಕೆ ವಾಲುತ್ತದೆ.

3. ಆಳವಿಲ್ಲದ ಚಿಕ್ಕ ಚಮಚೆಯಿಂದ ಸ್ವಲ್ಪ ಸ್ವಲ್ಪವಾಗಿ ಕೊಡಿ. ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು.

4. ಆರು ತಿಂಗಳು ಕಳೆದ ಮಗುವಿಗೆ ನುಣುಪಾದ ರಾಗಿ ಸರಿ, ಹೆಸರುಬೇಳೆಯೊಡನೆ ಮಸೆದ ಅನ್ನ ಸೂಕ್ತ. ತುಪ್ಪ ಸೇರಿಸಿದರೆ ಅಲ್ಪ ಆಹಾರದಲ್ಲಿಯೂ ಶಕ್ತಿ ದೊರೆಯುತ್ತದೆ. ತಿಳಿಸಾರಿನಲ್ಲಿ ತೇಲುವ ಅನ್ನದ ಅಗುಳು ಬೇಡ. ನೀರು ಮೊದಲೇ ಜಾರಿ ಅಗುಳು ಹಿಂದೆ ಉಳಿಯುತ್ತದೆ. ಕಡಲೆಕಾಯಿ, ಮಂಡಕ್ಕಿ ಕೊಡಬಾರದು. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ.

5. ಒಂದು ಊಟ ಅರ್ಧ ಗಂಟೆ ಮೀರದಿರಲಿ. ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಿಸಿಕೊಂಡಿರಿ.

ಉಣ್ಣುವಾಗ ಕೆಮ್ಮು, ತುಟಿ ನೀಲಿಯಾಗುವುದು, ಗಂಟಲಿನಲ್ಲಿ ಗೊರಗೊರ ಶಬ್ದ, ಪದೇಪದೇ ಜ್ವರ, ತೂಕ ಏರದಿರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಮಕ್ಕಳ ತಜ್ಞರನ್ನು ಕಾಣಬೇಕು. ಕೆಲವು ಮಕ್ಕಳಿಗೆ ಕೊಳವೆಯ ಮೂಲಕ ಆಹಾರ ಕೊಡಬೇಕಾಗುತ್ತದೆ. ಅದು ತಾಯಿಯ ಸೋಲಲ್ಲ, ಮಗುವಿನ ಪ್ರಾಣರಕ್ಷಣೆ.

ನೆರವು ಎಲ್ಲಿ?

ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ನಿಮ್ಹಾನ್ಸ್, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ ಉಂಟು.

ಒಂದು ವರ್ಷವಾದರೂ ನಡೆಯದ ಮಗುವಿನ ಸ್ಥಿತಿಯನ್ನು ಕಾಶ್ಯಪಸಂಹಿತೆ 'ಫಕ್ಕ' ಎಂದು ಕರೆದು, ಅಂತಹ ಮಗುವಿಗೆ ಮೂರು ಗಾಲಿಯ ನಡೆಬಂಡಿಯನ್ನು ವಿಧಿಸಿದೆ. ಆಗದ್ದಕ್ಕೆ ಮರುಗದೆ ಆಗಬಲ್ಲದ್ದಕ್ಕೆ ಆಧಾರ ಕೊಡುವ ಆ ದೃಷ್ಟಿಯೇ ಇಂದಿಗೂ ನಮಗೆ ದಾರಿ. ತಿಂಗಳಿಗೊಮ್ಮೆ ಮಗುವಿನ ತೂಕವನ್ನು ಬರೆದಿಡಿ. ತುತ್ತು ಸುರಕ್ಷಿತವಾಗಿ ಇಳಿದರೆ ತೂಕ ಏರುತ್ತದೆ, ಕಲಿಕೆಗೆ ಬೇಕಾದ ಬಲವೂ ಬರುತ್ತದೆ.