ಚೈನ್‌ಸಾ ಹಿಡಿಯ ಮುಂದಿನ ಆ ಪ್ಲಾಸ್ಟಿಕ್ ಗಾರ್ಡ್ ಯಾಕಿದೆ?

ಇವತ್ತಿನ ಕಂತು ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಮಸ್ಕತ್‌ನಲ್ಲಿ ಕೆಲಸ ಮಾಡುವ ನಮ್ಮ ಕೇಳುಗರೊಬ್ಬರ ಮನೆಯವರಿಗೆ ಮೂಡಿಗೆರೆ ಹತ್ತಿರ ಕಾಫಿ ತೋಟ ಇದೆ. ಸಿಲ್ವರ್ ಓಕ್ ಕಡಿಯೋಕೆ, ಮಳೆಗಾಲದಲ್ಲಿ ಬಿದ್ದ ಮರ ತುಂಡು ಮಾಡೋಕೆ ಅಂತ ಒಂದು ಚೈನ್‌ಸಾ ತಗೊಂಡಿದ್ದಾರೆ. ಇವರು ರಜೆಗೆ ಊರಿಗೆ ಹೋಗಿ ನೋಡಿದರೆ, ಮುಂದಿನ ಹಿಡಿಯ ಎದುರಿಗೆ ಇರಬೇಕಾಗಿದ್ದ ಪ್ಲಾಸ್ಟಿಕ್ ಗಾರ್ಡ್ ಇಲ್ಲ. ಕೇಳಿದ್ದಕ್ಕೆ, "ಕೈಗೆ ಅಡ್ಡ ಬರುತ್ತೆ ಅಂತ ಬಿಚ್ಚಿಟ್ಟಿದೀವಿ, ಅದಿಲ್ಲದೆ ಮಷಿನ್ ಚೆನ್ನಾಗೇ ಓಡುತ್ತೆ" ಅಂದರಂತೆ. "ಅದು ಕೈಗೆ ರೆಂಬೆ ತಾಗದಿರಲಿ ಅಂತ ಕೊಟ್ಟಿರೋದು ಅಲ್ವಾ?" ಅನ್ನೋದು ಇವರ ಪ್ರಶ್ನೆ.

ರೆಂಬೆಯಿಂದಲೂ ಅದು ಕೈಯನ್ನು ಕಾಯುತ್ತೆ, ಸರಿ. ಆದರೆ ಅದರ ಮುಖ್ಯ ಕೆಲಸ ಅದಲ್ಲ. ಅದು ಬ್ರೇಕಿನ ಲಿವರ್. ಅದನ್ನು ಬಿಚ್ಚಿದ ಚೈನ್‌ಸಾ ಅಂದರೆ ಬ್ರೇಕಿನ ಪೆಡಲ್ ಕಿತ್ತ ಲಾರಿ. ಆ ತೋಟದಲ್ಲಿ ಅದು ಇನ್ನೂ ಹಾಗೇ ಓಡುತ್ತಾ ಇದ್ದರೆ ದಯವಿಟ್ಟು ಇವತ್ತೇ ಫೋನ್ ಮಾಡಿ ನಿಲ್ಲಿಸಿ, ಉಳಿದದ್ದನ್ನು ಆಮೇಲೆ ಕೇಳಿ.

ಜೀವವಿಜ್ಞಾನದವಳಿಗೆ ಚೈನ್‌ಸಾ ವಿಷಯ ಯಾಕೆ ಅಂತ ಕೇಳಬಹುದು. ನಾನು ಜರ್ಮನಿಯಲ್ಲಿ, ಕಪ್ಪುಕಾಡಿನ ಅಂಚಿನಲ್ಲಿ, ಸತ್ತ ಮರದೊಳಗೆ ಬದುಕುವ ಜೀರುಂಡೆಗಳ ಬಗ್ಗೆ ಸಂಶೋಧನೆ ಮಾಡೋದು. ಮರದೊಳಗಿನ ಹುಳು ನೋಡಬೇಕಂದರೆ ಮರ ಕೊಯ್ಯಲೇಬೇಕು. ಇಲ್ಲಿ ಸರ್ಕಾರಿ ಕಾಡಿನಲ್ಲಿ ಚೈನ್‌ಸಾ ಹಿಡಿದು ಸೌದೆ ಮಾಡುವ ಸಾಮಾನ್ಯ ಜನರೂ ತರಬೇತಿ ಪಡೆದ ಪತ್ರ ತೋರಿಸಬೇಕು. ನನ್ನ ತರಬೇತಿಯಲ್ಲಿ ಮೊದಲ ಅರ್ಧ ದಿನ ಮಷಿನ್ ಸ್ಟಾರ್ಟ್ ಮಾಡೋಕೇ ಬಿಡಲಿಲ್ಲ. ಆ ಅರ್ಧ ದಿನ ಪೂರ್ತಿ ಹೋಗಿದ್ದು ಒಂದೇ ಪದದ ಮೇಲೆ: ಕಿಕ್‌ಬ್ಯಾಕ್. ಅಂದರೆ ಗರಗಸ ಒದೆಯೋದು.

ಒದೆತ ಎಲ್ಲಿಂದ ಬರುತ್ತೆ ಅಂತ ತಿಳಿಯಬೇಕಾದರೆ ಚೈನಿನ ಹಲ್ಲನ್ನು ಹತ್ತಿರದಿಂದ ನೋಡಬೇಕು. ಎಂಜಿನ್‌ನಿಂದ ಮುಂದಕ್ಕೆ ಚಾಚಿರುವ ಉದ್ದನೆಯ ಚಪ್ಪಟೆ ಪಟ್ಟಿ ಇದೆಯಲ್ಲ, ಅದು ಬಾರ್. ಅದರ ಅಂಚಿನ ಸುತ್ತ ಚೈನ್ ಓಡುತ್ತೆ: ಮೇಲ್ಭಾಗದಲ್ಲಿ ತುದಿಯ ಕಡೆಗೆ, ತುದಿಯಲ್ಲಿ ತಿರುಗಿ, ಕೆಳಭಾಗದಲ್ಲಿ ವಾಪಸ್ ಎಂಜಿನ್ ಕಡೆಗೆ. ಚೈನಿನ ಪ್ರತಿಯೊಂದು ಕತ್ತರಿಸುವ ಹಲ್ಲಿನ ಮುಂದೆಯೂ ಒಂದು ಸಣ್ಣ ಗುಬ್ಬಿ ಇರುತ್ತೆ. ಹಲ್ಲಿನ ಅಲಗಿಗಿಂತ ಅದು ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ತಗ್ಗಿನಲ್ಲಿ ಇರುತ್ತೆ. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬಹುದು ಅಂತ ತೀರ್ಮಾನ ಮಾಡೋದು ಆ ಗುಬ್ಬಿ. ನೇರ ಭಾಗದಲ್ಲಿ ಈ ಲೆಕ್ಕ ಸರಿಯಾಗಿ ನಡೆಯುತ್ತೆ. ಆದರೆ ಬಾರ್‌ನ ತುದಿಯಲ್ಲಿ ಚೈನ್ ಬಾಗುತ್ತೆ. ಬಾಗುವಾಗ ಗುಬ್ಬಿ ಕೆಳಗಾಗುತ್ತೆ, ಹಲ್ಲು ಮೇಲೇಳುತ್ತೆ. ಅಲ್ಲಿ ಮರ ತಾಗಿದರೆ ಹಲ್ಲು ಒಮ್ಮೆಲೇ ತನ್ನ ಶಕ್ತಿ ಮೀರಿ ದೊಡ್ಡ ತುತ್ತು ಕಚ್ಚಿ ಸಿಕ್ಕಿಬೀಳುತ್ತೆ.

ಈಗ ಗರಗಸದ ಬಾರ್ ನಿಮ್ಮ ಬಲಕ್ಕೆ ಚಾಚಿರುವಂತೆ ಪಕ್ಕದಿಂದ ನೋಡಿ, ತುದಿಯನ್ನು ಗಡಿಯಾರ ಅಂದುಕೊಳ್ಳಿ. ಅಪಾಯದ ಜಾಗ 12ರಿಂದ 3ರವರೆಗಿನ ಕಾಲುಭಾಗ. ಅಲ್ಲಿ ಚೈನ್ ಮುಂದಕ್ಕೂ ಕೆಳಕ್ಕೂ ಓಡುತ್ತಿರುತ್ತೆ. ಹಲ್ಲು ಸಿಕ್ಕಿಕೊಂಡಾಗ ಮರ ಅಷ್ಟೇ ಬಲದಿಂದ ಬಾರನ್ನು ಹಿಂದಕ್ಕೂ ಮೇಲಕ್ಕೂ ತಳ್ಳುತ್ತೆ. ಕ್ರಿಯೆಗೆ ಪ್ರತಿಕ್ರಿಯೆ, ನ್ಯೂಟನ್ ಸ್ವಾಮಿ ಹೇಳಿದ್ದೇ. ಇಡೀ ಗರಗಸ ಮುಂದಿನ ಹಿಡಿಯ ಸುತ್ತ ತಿರುಗಿ ಹಿಡಿದವರ ಮುಖ, ಕುತ್ತಿಗೆ, ಎಡಭುಜದ ಕಡೆಗೆ ಬರುತ್ತೆ.

ಒಂದು ಅಂದಾಜು ಲೆಕ್ಕ ಹಾಕೋಣ. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ, ಗಂಟೆಗೆ 72 ಕಿಲೋಮೀಟರ್. ಚೈನ್ ಕಾಲು ಕಿಲೋ ಇದೆ ಅಂದುಕೊಂಡರೆ ಅದರೊಳಗಿನ ಚಲನಶಕ್ತಿ 50 ಜೂಲ್. ಐದು ಕಿಲೋ ಅಕ್ಕಿ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಎಂಜಿನ್‌ನ ತಿರುಗುವ ಭಾಗಗಳಿಂದ ಬರುವುದು ಇದರ ಮೇಲೆ. ಈ ಶಕ್ತಿ ಗರಗಸವನ್ನು ಎಸೆಯೋಕೆ ತಗೊಳ್ಳೋ ಸಮಯ ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ.

ಇಲ್ಲಿ ನನ್ನ ವಿಷಯ ಶುರುವಾಗುತ್ತೆ. ಕಣ್ಣಿಗೆ ಕಂಡದ್ದಕ್ಕೆ ನಾವು ಬೇಕೆಂದು ಕೈ ಅಲ್ಲಾಡಿಸೋಕೆ ಸುಮಾರು 0.2 ಸೆಕೆಂಡು ಬೇಕು. ನರದಲ್ಲಿ ಸಂದೇಶ ಓಡುವ ವೇಗ ಚೆನ್ನಾಗಿಯೇ ಇದೆ, ವೇಗದ ನರಗಳಲ್ಲಿ ಸೆಕೆಂಡಿಗೆ 50 ಮೀಟರ್‌ಗೂ ಹೆಚ್ಚು. ತಡ ಆಗೋದು ಕಣ್ಣಿನ ರೆಟಿನಾದಲ್ಲಿ, ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುವಲ್ಲಿ, ಕೊನೆಗೆ ಸ್ನಾಯು ಬಿಗಿಯುವಲ್ಲಿ. ಅಂದರೆ ಗರಗಸ ಒದ್ದು ಮುಗಿದ ಮೇಲೆ ನಿಮ್ಮ ಕೈಗೆ ಸುದ್ದಿ ಮುಟ್ಟುತ್ತೆ. "ನಾನು ಇಪ್ಪತ್ತು ವರ್ಷದಿಂದ ಮರ ಕೊಯ್ಯುತ್ತಾ ಇದೀನಿ, ನನಗೆ ಗೊತ್ತಾಗುತ್ತೆ" ಅನ್ನೋ ಮಾತು ಮರ ಯಾವ ಕಡೆ ಬೀಳುತ್ತೆ ಅನ್ನೋದಕ್ಕೆ ಸರಿ, ಒದೆತಕ್ಕೆ ಸರಿಯಲ್ಲ. ಅನುಭವ ಒದೆತವನ್ನು ಬರದ ಹಾಗೆ ನೋಡಿಕೊಳ್ಳುತ್ತೆ. ಬಂದ ಮೇಲೆ ಇಪ್ಪತ್ತು ವರ್ಷದವರ ನರವೂ ಹೊಸಬರ ನರವೂ ಒಂದೇ.

ಆದ್ದರಿಂದ ನಿಲ್ಲಿಸುವ ಕೆಲಸವನ್ನು ದೇಹದ ಹೊರಗೇ ಇಡಬೇಕಾಯಿತು. ಅದೇ ಚೈನ್ ಬ್ರೇಕ್.

ಕವರ್ ಒಳಗೆ ಏನಿದೆ ನೋಡೋಣ. ಗೇರ್ ಇಲ್ಲದ ಸ್ಕೂಟರ್‌ಗಳಲ್ಲಿ ಇರುವಂಥದ್ದೇ ಕ್ಲಚ್ ಇಲ್ಲೂ ಇದೆ: ಎಂಜಿನ್ ವೇಗ ಏರಿದಾಗ ಕ್ಲಚ್‌ನ ತುಂಡುಗಳು ಹೊರಕ್ಕೆ ಸರಿದು ಸುತ್ತಲಿನ ಡ್ರಮ್ಮನ್ನು ಒಳಗಿನಿಂದ ಒತ್ತಿ ತಿರುಗಿಸುತ್ತವೆ, ಡ್ರಮ್ಮಿಗೆ ಸೇರಿದ ಹಲ್ಲುಚಕ್ರ ಚೈನನ್ನು ಎಳೆಯುತ್ತೆ. ಆ ಡ್ರಮ್ಮಿನ ಹೊರಗಡೆ ಒಂದು ತೆಳುವಾದ ಉಕ್ಕಿನ ಪಟ್ಟಿ ಸಡಿಲವಾಗಿ ಸುತ್ತಿಕೊಂಡು ಕೂತಿರುತ್ತೆ. ಪಟ್ಟಿಯ ಒಂದು ತುದಿಗೆ ಬಿಗಿಯಾದ ಸ್ಪ್ರಿಂಗ್. ಮುಂದಿನ ಗಾರ್ಡನ್ನು ಹಿಡಿಯ ಕಡೆಗೆ ಎಳೆದು ಟಕ್ ಅಂತ ಕೂರಿಸಿದಾಗ ನೀವು ಮಾಡೋದು ಆ ಸ್ಪ್ರಿಂಗನ್ನು ಸಜ್ಜು ಮಾಡೋ ಕೆಲಸ, ಇಲಿಬೋನಿಗೆ ಕೀಲು ಹಾಕಿದ ಹಾಗೆ. ಗಾರ್ಡನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಸಾಕು, ಕೀಲು ಜಾರಿ ಸ್ಪ್ರಿಂಗ್ ಪಟ್ಟಿಯನ್ನು ಎಳೆದು ಡ್ರಮ್ಮಿಗೆ ಬಿಗಿಯುತ್ತೆ. ಬಿಗಿಯುವ ಬಲ ನಿಮ್ಮ ಕೈಯಿಂದ ಬಂದದ್ದಲ್ಲ, ಮೊದಲೇ ಕೂಡಿಟ್ಟದ್ದು. ಸುತ್ತಿದ ಪಟ್ಟಿಯ ಹಿಡಿತ ಎಂಥದ್ದು ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ಹಗ್ಗವನ್ನು ಕಂಬಕ್ಕೆ ಒಂದೆರಡು ಸುತ್ತು ಹಾಕಿದರೆ ಒಂದೇ ಕೈಯಲ್ಲಿ ಎತ್ತನ್ನು ತಡೆದು ನಿಲ್ಲಿಸಬಹುದು.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬ್ರೇಕ್ ಬಿದ್ದ ಮೇಲೆ ಚೈನ್ ನಿಲ್ಲಲು ತಗೊಳ್ಳೋ ಸಮಯ ಸರಾಸರಿ 0.12 ಸೆಕೆಂಡು ಮೀರಬಾರದು, ಯಾವ ಸಲವೂ 0.15 ದಾಟಬಾರದು. ಮಧ್ಯಮ ಗಾತ್ರದ ಗರಗಸದ ಚೈನ್ ಸುಮಾರು ಒಂದು ಮೀಟರ್ ಉದ್ದ. ಬ್ರೇಕ್ ಬಿದ್ದರೆ ಅದು ಹೆಚ್ಚುಕಡಿಮೆ ಒಂದು ಸುತ್ತು ಹಾಕಿ ನಿಲ್ಲುತ್ತೆ. ಬ್ರೇಕ್ ಇಲ್ಲದೆ ನಿಮ್ಮ ಪ್ರತಿಕ್ರಿಯೆಗೆ ಕಾದರೆ, ಕೈ ಅಲ್ಲಾಡುವ ಹೊತ್ತಿಗೆ ನಾಲ್ಕು ಸುತ್ತು ಮುಗಿದಿರುತ್ತೆ, ಚೈನ್ ಇನ್ನೂ ಓಡುತ್ತಲೇ ಇರುತ್ತೆ.

ಸರಿ, ಗಾರ್ಡನ್ನು ಮುಂದಕ್ಕೆ ತಳ್ಳೋದು ಯಾರು? ಒಂದು, ನಿಮ್ಮ ಎಡ ಮುಂಗೈ. ಗರಗಸ ಮೇಲಕ್ಕೆ ತಿರುಗಿದಾಗ ಗಾರ್ಡ್ ತಾನಾಗಿ ಬಂದು ಮುಂಗೈಗೆ ತಾಗುತ್ತೆ. ಆದರೆ ಮರ ಉರುಳಿಸುವಾಗ ಗರಗಸವನ್ನು ಅಡ್ಡ ಮಲಗಿಸಿ ಹಿಡಿಯುತ್ತೀವಿ, ಎಡಗೈ ಹಿಡಿಯ ಪಕ್ಕಕ್ಕೆ ಹೋಗಿರುತ್ತೆ, ಮುಂಗೈ ಗಾರ್ಡಿನ ಹಿಂದೆ ಇರೋದೇ ಇಲ್ಲ. ಅದಕ್ಕೇ ಎರಡನೆಯ ದಾರಿ, ಜಡತ್ವ. ನಿಂತ ಬಸ್ಸು ಒಮ್ಮೆಲೇ ಮುಂದಕ್ಕೆ ಜಗ್ಗಿದರೆ ನಿಂತಿರೋ ನಾವು ಹಿಂದಕ್ಕೆ ವಾಲುತ್ತೀವಲ್ಲ, ಹಾಗೆ. ಇಲ್ಲಿ ಬಸ್ಸು ಗರಗಸ, ನಿಂತ ಪ್ರಯಾಣಿಕ ಆ ಗಾರ್ಡ್. ಗರಗಸ ರಭಸದಿಂದ ಹಿಂದಕ್ಕೆ ತಿರುಗಿದಾಗ ಗಾರ್ಡ್ ತನ್ನ ತೂಕದಿಂದಲೇ ಹಿಂದುಳಿಯುತ್ತೆ. ಹಿಂದುಳಿಯೋದು ಅಂದರೆ ಗರಗಸಕ್ಕೆ ಹೋಲಿಸಿದರೆ ಮುಂದಕ್ಕೆ ಹೋಗೋದು. ಕೀಲು ಜಾರುತ್ತೆ. ಯಾರೂ ಮುಟ್ಟಬೇಕಾಗಿಲ್ಲ.

ನಮ್ಮ ಒಳಕಿವಿಯಲ್ಲಿ ಇದೇ ಉಪಾಯ ಇದೆ. ಅಲ್ಲಿ ಲೋಳೆಯಂಥ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪುಟ್ಟ ಹರಳುಗಳು ಕೂತಿವೆ. ತಲೆ ಒಮ್ಮೆಲೇ ಚಲಿಸಿದರೆ ಹರಳುಗಳು ಹಿಂದುಳಿಯುತ್ತವೆ, ಕೆಳಗಿನ ಕೂದಲಿನಂಥ ಜೀವಕೋಶಗಳು ಬಾಗುತ್ತವೆ, ಮಿದುಳಿಗೆ "ನೀನು ಚಲಿಸಿದೆ" ಅನ್ನೋ ಸುದ್ದಿ ಹೋಗುತ್ತೆ. ಚೈನ್‌ಸಾದ ಗಾರ್ಡ್ ಆ ಹರಳಿನ ಕೆಲಸವನ್ನೂ ಮಾಡುತ್ತೆ, ಮಿದುಳನ್ನು ಬಿಟ್ಟು ನೇರವಾಗಿ ಸ್ನಾಯುವಿನ ಕೆಲಸವನ್ನೂ ಮಾಡುತ್ತೆ. ಮಧ್ಯವರ್ತಿ ಇಲ್ಲ, ಅದಕ್ಕೇ ಅಷ್ಟು ಬೇಗ.

ಸ್ವಲ್ಪ ಇತಿಹಾಸ ಹೇಳದೆ ಇರೋಕಾಗಲ್ಲ, ಯಾಕಂದರೆ ಅದರಲ್ಲಿ ನನ್ನ ಹುಳುಗಳಿವೆ. ಹಳೆಯ ಚೈನ್‌ಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೆ ನೆಟ್ಟಗೆ ಇರುತ್ತಿತ್ತು, ಪದೇಪದೇ ಅರ ಹಾಕಬೇಕಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ ಮರದ ಬುಡವೊಂದರಲ್ಲಿ ಜೀರುಂಡೆಯ ಮರಿಹುಳು ಮರ ತಿನ್ನುವುದನ್ನು ಗಮನಿಸಿದ. ಬಾಗಿದ ಎರಡು ದವಡೆ, ಎಡಕ್ಕೂ ಬಲಕ್ಕೂ ಕೊರೆಯುತ್ತಾ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಹೋಗುತ್ತಿತ್ತು. ಆ ದವಡೆಯನ್ನು ಅನುಕರಿಸಿ, ಎಡಬಲಕ್ಕೆ ಒಂದೊಂದರಂತೆ ಬಾಗಿದ ಹಲ್ಲುಗಳ ಚೈನ್ ಮಾಡಿ ಮರುವರ್ಷ ಮಾರೋಕೆ ಶುರು ಮಾಡಿದ. ಇವತ್ತಿನ ಚೈನ್‌ಗಳ ಮೂಲ ಅದೇ. ಒಬ್ಬರೇ ಹಿಡಿಯಬಹುದಾದ ಪೆಟ್ರೋಲ್ ಗರಗಸಗಳೂ ಹಗುರವಾಗುತ್ತಾ ಬಂದವು. 1959ರಲ್ಲಿ ಜರ್ಮನಿಯ ಸ್ಟಿಲ್ ಕಂಪನಿ ತಂದ ಕಾಂಟ್ರಾ ಸುಮಾರು 12 ಕಿಲೋ ಇತ್ತು. ಮಷಿನ್ ಹಗುರವಾದಷ್ಟೂ ಒದೆತಕ್ಕೆ ಎಸೆಯೋದು ಸುಲಭ. ಸ್ಟಿಲ್ ಮತ್ತು ಸ್ವೀಡನ್‌ನ ಹುಸ್ಕ್ವರ್ನಾ ಕಂಪನಿಗಳು ಚೈನ್ ಬ್ರೇಕ್ ತಂದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಅಂದರೆ ಕಚ್ಚುವ ಹಲ್ಲು ಬಂದು ಕಾಲು ಶತಮಾನ ಆದ ಮೇಲೆ. ಮರಿಹುಳುವಿಗೆ ಬ್ರೇಕ್ ಬೇಕಿರಲಿಲ್ಲ ಬಿಡಿ, ಅದು ಒಂದು ಮರದೊಳಗೆ ವರ್ಷಗಟ್ಟಲೆ ನಿಧಾನವಾಗಿ ತಿನ್ನುತ್ತಾ ಕೂರುತ್ತೆ.

ಬ್ರೇಕ್ ಇದೆ ಅಂತ ಎಲ್ಲದಕ್ಕೂ ಧೈರ್ಯ ಮಾಡೋ ಹಾಗಿಲ್ಲ. ಒದೆತ ನಿಧಾನವಾಗಿದ್ದರೆ ಜಡತ್ವದ ಬ್ರೇಕ್ ಬೀಳದೇ ಹೋಗಬಹುದು. ಚೈನ್ ಸಿಕ್ಕಿ ಗರಗಸ ನೇರವಾಗಿ ಮುಂದಕ್ಕೆ ಎಳೆದಾಗ ಅಥವಾ ಹಿಂದಕ್ಕೆ ತಳ್ಳಿದಾಗಲೂ ಅಷ್ಟೇ. ಒಂದೇ ಕೈಯಲ್ಲಿ ಹಿಡಿದು ಕೊಯ್ಯುವವರಿಗೆ ಮುಂಗೈಯ ದಾರಿಯೇ ಇಲ್ಲ. ಮರ ಹತ್ತಿ ರೆಂಬೆ ಕಡಿಯುವವರಲ್ಲಿ ಈ ಅಭ್ಯಾಸ ನೋಡಿದರೆ ನನಗೆ ಎದೆ ಝಲ್ ಅನ್ನುತ್ತೆ. ಇನ್ನೊಂದು, ಬೇಗ ಕೊಯ್ಯಲಿ ಅಂತ ಹಲ್ಲಿನ ಮುಂದಿನ ಗುಬ್ಬಿಯನ್ನು ಅರದಿಂದ ತೀರಾ ತಗ್ಗಿಸಿಬಿಡ್ತಾರೆ. ಅದು ಒದೆತಕ್ಕೆ ಆಮಂತ್ರಣ.

ಬ್ರೇಕ್ ಕೆಲಸ ಮಾಡುತ್ತಾ ಅಂತ ನೋಡೋದು ಒಂದು ನಿಮಿಷದ ಕೆಲಸ. ಗರಗಸವನ್ನು ಗಟ್ಟಿ ನೆಲದ ಮೇಲಿಟ್ಟು, ಚೈನ್ ಏನಕ್ಕೂ ತಾಗದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಬ್ರೇಕ್ ಹಾಕಿ. ಆಮೇಲೆ ಎರಡು ಮೂರು ಸೆಕೆಂಡು ಮಾತ್ರ ಪೂರ್ತಿ ಆಕ್ಸಿಲರೇಟರ್ ಒತ್ತಿ. ಚೈನ್ ಅಲ್ಲಾಡಬಾರದು. ಅದಕ್ಕಿಂತ ಹೆಚ್ಚು ಹೊತ್ತು ಒತ್ತಬೇಡಿ. ನಿಂತ ಡ್ರಮ್ಮಿನೊಳಗೆ ಕ್ಲಚ್ ಉಜ್ಜಿ ಕಾದು ಹೊಗೆ ಬರುತ್ತೆ. ಜಡತ್ವದ ಬ್ರೇಕ್ ನೋಡಬೇಕಾದರೆ ಎಂಜಿನ್ ಆಫ್ ಮಾಡಿ, ಬ್ರೇಕ್ ಬಿಡಿಸಿಟ್ಟು, ಬಾರ್‌ನ ತುದಿಯನ್ನು ಮರದ ಬೊಡ್ಡೆಯೊಂದರ ಮೇಲೆ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಹಿಡಿದು, ಹಿಂದಿನ ಹಿಡಿ ಕೈಯಲ್ಲೇ ಇಟ್ಟುಕೊಂಡು ಮುಂದಿನದನ್ನು ಬಿಡಿ. ತುದಿ ಬೊಡ್ಡೆಗೆ ಬಡಿದಾಗ ಗಾರ್ಡ್ ತಾನೇ ಮುಂದಕ್ಕೆ ಬೀಳಬೇಕು. ಬೀಳದಿದ್ದರೆ ಬಹುತೇಕ ಒಳಗೆ ಎಣ್ಣೆ ಬೆರೆತ ಮರದ ಪುಡಿ ಗಟ್ಟಿಯಾಗಿ ಕೂತಿರುತ್ತೆ, ಅಥವಾ ಸ್ಪ್ರಿಂಗ್, ಪಟ್ಟಿ ಸವೆದಿರುತ್ತೆ. ಮೆಕ್ಯಾನಿಕ್‌ಗೆ ತೋರಿಸಿದ ಮೇಲೆಯೇ ಮುಂದಿನ ಕೆಲಸ. ಮಸ್ಕತ್‌ನ ಮಿತ್ರರ ಮಷಿನ್‌ಗೂ ಅಷ್ಟೇ, ಬಿಚ್ಚಿದ ಗಾರ್ಡನ್ನು ಬೋಲ್ಟ್ ಹಾಕಿ ಕೂರಿಸಿದರೆ ಮುಗಿಯಲಿಲ್ಲ, ಈ ಎರಡೂ ಪರೀಕ್ಷೆ ಆಗಬೇಕು. ಮತ್ತೆ, ಇದು ಕೆಲಸಗಾರರ ತಲೆಗೆ ಕಟ್ಟುವ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ. ಮಷಿನ್ ಕೊಂಡವರು ಗಾರ್ಡ್ ಯಾಕಿದೆ ಅಂತ ಹೇಳಿಕೊಟ್ಟಿರಬೇಕು.

ಕಾಲಿಗೂ ಒಂದು ಬ್ರೇಕ್ ಇದೆ ಗೊತ್ತಾ? ಚೈನ್‌ಸಾ ಕೆಲಸಕ್ಕೆ ಹಾಕುವ ಪ್ಯಾಂಟಿನೊಳಗೆ ಉದ್ದುದ್ದ ನಾರಿನ ಪದರಗಳು ಇರುತ್ತವೆ. ಚೈನ್ ಬಟ್ಟೆಗೆ ತಾಗಿದ ತಕ್ಷಣ ನಾರು ಎಳೆದುಕೊಂಡು ಬಂದು ಹಲ್ಲುಚಕ್ರಕ್ಕೆ ಸುತ್ತಿ ಜಾಮ್ ಮಾಡುತ್ತೆ. ಹುಲ್ಲು ಸುತ್ತಿ ನಿಂತುಹೋದ ಸೈಕಲ್ ಚಕ್ರ ನೆನಪಿಸಿಕೊಳ್ಳಿ. ಆದರೆ ಇದು ಪೆಟ್ರೋಲ್ ಗರಗಸಕ್ಕೆ ಮಾಡಿದ ಲೆಕ್ಕ. ಬ್ಯಾಟರಿ ಗರಗಸದ ಮೋಟಾರು ಬೇರೆ ರೀತಿ ಎಳೆಯೋದರಿಂದ ಅದನ್ನೂ ಅಷ್ಟೇ ಚೆನ್ನಾಗಿ ನಿಲ್ಲಿಸುತ್ತೆ ಅಂತ ನಂಬಿ ಕೂರಬೇಡಿ.

ಬ್ಯಾಟರಿ ಗರಗಸದ ಪೂರ್ತಿ ಕಥೆ ಇನ್ನೊಂದು ಕಂತಿಗೆ ಇರಲಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಹಿತ್ತಲಿನ ಮರ ನೀವೇ ಕೊಯ್ಯುವವರು ಇದ್ದರೆ, ನಿಮ್ಮ ಹತ್ತಿರ ಯಾವ ಥರದ್ದಿದೆ, ಅದರ ಬ್ರೇಕ್ ಪರೀಕ್ಷೆಯಲ್ಲಿ ಏನಾಯಿತು ಅಂತ ವಾಯ್ಸ್ ಮೆಸೇಜ್ ಕಳಿಸಿ.