ಎತ್ತಿನ ಮೂತ್ರಪಿಂಡಗಳು ಮತ್ತು ಮೂತ್ರಬಂಧ

ಎತ್ತು ಮೇವು ಬಿಟ್ಟರೆ ರೈತನಿಗೆ ಅಂದೇ ತಿಳಿಯುತ್ತದೆ. ಸಗಣಿ ತೆಳುವಾದರೆ ಕೊಟ್ಟಿಗೆ ಬಳಿಯುವಾಗ ಗೊತ್ತಾಗುತ್ತದೆ. ಆದರೆ ಎತ್ತು ಬೆಳಗಿನಿಂದ ಗಂಜಲ ಹೊಯ್ದಿಲ್ಲವೆಂಬುದು ಎಷ್ಟೋ ವೇಳೆ ಮರುದಿನದವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಮೂತ್ರಬಂಧ, ಅಂದರೆ ಹಳ್ಳಿಗಳಲ್ಲಿ ಉಚ್ಚೆ ಕಟ್ಟುವುದು ಎಂದು ಹೇಳುವ ಬೇನೆಯಲ್ಲಿ, ಈ ಒಂದು ದಿನದ ತಡವೇ ಎತ್ತಿನ ಪ್ರಾಣಕ್ಕೆ ಎರವಾಗಬಹುದು. ಹೀಗೇಕೆಂದು ತಿಳಿಯಲು ದನದ ದೇಹದಲ್ಲಿ ಮೂತ್ರವು ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಹೊರಬೀಳುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಮೂತ್ರಪಿಂಡಗಳ ರಚನೆ

ದನಗಳಿಗೆ ಎರಡು ಮೂತ್ರಪಿಂಡಗಳಿವೆ. ಬೆನ್ನುಮೂಳೆಯ ಕೆಳಗೆ, ಸೊಂಟದ ಭಾಗದಲ್ಲಿ ಇವು ಕೊಬ್ಬಿನಲ್ಲಿ ಹುದುಗಿಕೊಂಡಿರುತ್ತವೆ. ಬೆಳೆದ ದನದಲ್ಲಿ ಒಂದೊಂದೂ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಕುರಿ ಮೇಕೆಗಳ ಮೂತ್ರಪಿಂಡ ಅವರೆಬೀಜದ ಆಕಾರದಲ್ಲಿ ನುಣುಪಾಗಿದ್ದರೆ, ದನದ ಮೂತ್ರಪಿಂಡ ಸೀತಾಫಲದಂತೆ ಉಬ್ಬುಉಬ್ಬಾಗಿ, ಸುಮಾರು 20 ಹಾಲೆಗಳಿಂದ ಕೂಡಿರುತ್ತದೆ. ಬಲ ಮೂತ್ರಪಿಂಡವು ತನ್ನ ಸ್ಥಾನದಲ್ಲಿ ಭದ್ರವಾಗಿರುತ್ತದೆ. ಎಡದ್ದು ಮಾತ್ರ ಎಡಭಾಗದಲ್ಲಿಲ್ಲ. ಹೊಟ್ಟೆಯ ಎಡಭಾಗವನ್ನೆಲ್ಲ ಮೇವಿನ ದೊಡ್ಡ ಚೀಲ ಆಕ್ರಮಿಸಿಕೊಂಡಿರುವುದರಿಂದ ಅದು ಬಲಕ್ಕೆ ಒತ್ತಲ್ಪಟ್ಟು, ಬಲ ಮೂತ್ರಪಿಂಡದ ಹಿಂದೆ ಜೋತುಬಿದ್ದಿರುತ್ತದೆ.

ಹೃದಯವು ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಈ ಎರಡು ಚಿಕ್ಕ ಅಂಗಗಳಿಗೇ ಹೋಗುತ್ತದೆ. ಪ್ರತಿ ಮೂತ್ರಪಿಂಡದಲ್ಲಿಯೂ ಕಣ್ಣಿಗೆ ಕಾಣದ ಲಕ್ಷಾಂತರ ಸೋಸುನಾಳಗಳಿವೆ. ರಕ್ತಕಣಗಳನ್ನೂ ಸಸಾರಜನಕವನ್ನೂ ತಡೆದು, ನೀರು, ಲವಣ, ಯೂರಿಯಾ ಮೊದಲಾದುವನ್ನು ಇವು ಸೋಸುತ್ತವೆ. ಸೋಸಿದ್ದೆಲ್ಲ ಹೊರಗೆ ಹೋಗುವುದಾದರೆ ದನ ಕೆಲವೇ ಗಂಟೆಗಳಲ್ಲಿ ಒಣಗಿಹೋಗುತ್ತಿತ್ತು. ಆದರೆ ಸೋಸಿದ ನೀರಿನಲ್ಲಿ 100ಕ್ಕೆ ಸುಮಾರು 99 ಪಾಲನ್ನು ಈ ನಾಳಗಳೇ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತವೆ. ಉಳಿದ ಒಂದು ಪಾಲು ಮೂತ್ರವಾಗುತ್ತದೆ.

ಬರೀ ಒಣಹುಲ್ಲು ತಿನ್ನುವ ಎತ್ತಿನಲ್ಲಿ ಇನ್ನೊಂದು ಸೋಜಿಗವಿದೆ. ಮೇವಿನಲ್ಲಿ ಸಸಾರಜನಕ ಕಡಿಮೆಯಾದಾಗ ಮೂತ್ರಪಿಂಡವು ಯೂರಿಯಾವನ್ನೂ ಹೊರಬಿಡದೆ ಉಳಿಸಿಕೊಳ್ಳುತ್ತದೆ. ಅದು ಜೊಲ್ಲಿನ ಮೂಲಕ ಮತ್ತೆ ಮೇವಿನ ಚೀಲ ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಬರಗಾಲದಲ್ಲೂ ನಮ್ಮ ದನಗಳು ಹುಲ್ಲುಕಡ್ಡಿ ತಿಂದು ಜೀವ ಹಿಡಿದಿರುವುದಕ್ಕೆ ಇದೂ ಒಂದು ಕಾರಣ.

ಮೂತ್ರಪಿಂಡಗಳಿಂದ ಎರಡು ನಾಳಗಳ ಮೂಲಕ ತೊಟ್ಟಿಕ್ಕುವ ಮೂತ್ರವು ಮೂತ್ರಾಶಯದಲ್ಲಿ ಸಂಗ್ರಹವಾಗಿ, ಅಲ್ಲಿಂದ ಹೊರನಾಳದ ಮೂಲಕ ವಿಸರ್ಜನೆಯಾಗುತ್ತದೆ. ಬೆಳೆದ ದನ ದಿನಕ್ಕೆ ಸುಮಾರು 9 ರಿಂದ 22 ಲೀಟರಿನವರೆಗೆ ಗಂಜಲ ಹೊಯ್ಯುತ್ತದೆ. ತಿಳಿಹಳದಿ ಬಣ್ಣದ ಈ ಮೂತ್ರ ಸಾಮಾನ್ಯವಾಗಿ ಕ್ಷಾರಗುಣದ್ದು. ಈ ಕ್ಷಾರಗುಣದ ವಿಷಯ ಮುಂದೆ ಮತ್ತೆ ಬರುತ್ತದೆ.

ಹಸುವಿಗಿಲ್ಲದ ತೊಂದರೆ ಎತ್ತಿಗೇಕೆ?

ಹಸುವಿನ ಹೊರನಾಳ ಗೇಣುದ್ದವೂ ಇಲ್ಲ, ಅಲ್ಲದೆ ಅಗಲವಾಗಿದೆ. ಮೂತ್ರಾಶಯದಲ್ಲಿ ಸಣ್ಣ ಹರಳುಗಳಾದರೂ ಮೂತ್ರದೊಡನೆ ಜಾರಿಹೋಗುತ್ತವೆ. ಎತ್ತಿನ ಹೊರನಾಳ ಹಾಗಲ್ಲ. ಅದು ಉದ್ದವಾಗಿ, ಕಿರಿದಾಗಿ, ಹಿಂಗಾಲುಗಳ ನಡುವೆ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಎರಡು ಬಾಗು ಬಾಗಿ ಬರುತ್ತದೆ. ಜೋಳದ ಕಾಳಿಗಿಂತ ಚಿಕ್ಕ ಹರಳೂ ಕೆಳಗಿನ ಬಾಗಿನಲ್ಲಿ ಸಿಕ್ಕಿಬಿದ್ದು ದಾರಿಯನ್ನು ಮುಚ್ಚಬಲ್ಲದು. ತೀರ ಎಳೆಯ ವಯಸ್ಸಿನಲ್ಲಿಯೇ ಬೀಜ ಒಡೆಸಿದ ಕರುಗಳಲ್ಲಿ ಈ ನಾಳ ಪೂರ್ಣ ಬೆಳೆಯದೆ ಇನ್ನೂ ಸಣ್ಣದಾಗಿಯೇ ಉಳಿಯುತ್ತದೆ. ಆದ್ದರಿಂದ ಉಳುಮೆಗೆ ಸಾಕುವ ಹೋರಿಗರುಗಳಿಗೆ ಅವಸರದಿಂದ ಬೀಜ ಒಡೆಸಬಾರದು.

ಹರಳು ಕಟ್ಟುವುದಕ್ಕೆ ಕಾರಣ ಬಹುಮಟ್ಟಿಗೆ ಗೋದಲಿಯಲ್ಲಿಯೂ ನೀರಿನ ತೊಟ್ಟಿಯಲ್ಲಿಯೂ ಇದೆ. ಬೇಸಾಯದ ದಿನಗಳಲ್ಲಿ ಎತ್ತಿಗೆ ಶಕ್ತಿ ಬರಲೆಂದು ತವುಡು, ಬೂಸಾಗಳನ್ನು ಧಾರಾಳವಾಗಿ ಇಡುವುದು ವಾಡಿಕೆ. ಅಕ್ಕಿತವುಡಿನಲ್ಲಿ ಸುಣ್ಣದ ಅಂಶಕ್ಕಿಂತ ರಂಜಕದ ಅಂಶ ಹತ್ತು ಪಟ್ಟಿಗೂ ಹೆಚ್ಚು. ಆದರೆ ದನದ ಆಹಾರದಲ್ಲಿ ಸುಣ್ಣ 2 ಪಾಲು, ರಂಜಕ 1 ಪಾಲು ಇರುವುದು ಲೇಸು. ಹೆಚ್ಚಾದ ರಂಜಕವು ಸಾಧಾರಣವಾಗಿ ಜೊಲ್ಲಿನಲ್ಲಿ ಸೇರಿ ಸಗಣಿಯ ಮೂಲಕ ಹೊರಬೀಳುತ್ತದೆ. ಒರಟು ಮೇವು ಕಡಿಮೆಯಾಗಿ ಹಿಂಡಿ ತವುಡು ಹೆಚ್ಚಾದಾಗ ಮೆಲುಕು ಕಡಿಮೆ, ಜೊಲ್ಲೂ ಕಡಿಮೆ. ಆಗ ಆ ರಂಜಕ ಮೂತ್ರದ ಹಾದಿ ಹಿಡಿಯುತ್ತದೆ. ಕ್ಷಾರಗುಣದ ಮೂತ್ರದಲ್ಲಿ ರಂಜಕದ ಲವಣಗಳು ಕರಗದೆ ಮರಳಿನಂತೆ ತಳಗಟ್ಟುತ್ತವೆ. ಭತ್ತದ ಹುಲ್ಲನ್ನೇ ನಂಬಿದ ಕಡೆಗಳಲ್ಲಿ ಅದರಲ್ಲಿರುವ ಸಿಲಿಕಾ ಮತ್ತು ಆಕ್ಸಲೇಟುಗಳೂ ಹರಳಿಗೆ ಎಡೆಕೊಡುತ್ತವೆ. ಹಸಿರುಮೇವು ಕಾಣದ ದನಗಳಲ್ಲಿ ‘ಎ’ ಜೀವಸತ್ವದ ಕೊರತೆಯಿಂದ ಮೂತ್ರಾಶಯದ ಒಳಪದರ ಉದುರಿ, ಆ ಚೂರುಗಳ ಸುತ್ತ ಹರಳು ಬೆಳೆಯುವುದುಂಟು.

ಇಷ್ಟೆಲ್ಲ ಇದ್ದರೂ ನೀರು ಸಾಕಷ್ಟು ಕುಡಿಯುವ ಎತ್ತು ಬಹಳಷ್ಟು ಮಟ್ಟಿಗೆ ಪಾರಾಗುತ್ತದೆ. ಬಿಸಿಲಿನಲ್ಲಿ ನೇಗಿಲು ಎಳೆಯುವ ಎತ್ತಿಗೆ ದಿನಕ್ಕೆ 40 ರಿಂದ 60 ಲೀಟರು ನೀರು ಬೇಕು. ಬೆಳಿಗ್ಗೆ ಹೂಡುವ ಮುನ್ನ ಒಮ್ಮೆ, ಸಂಜೆ ಬಿಟ್ಟ ಮೇಲೆ ಒಮ್ಮೆ ನೀರು ತೋರಿಸಿದರೆ ಅಷ್ಟು ನೀರು ಹೊಟ್ಟೆಗೆ ಹೋಗುವುದಿಲ್ಲ. ಮೂತ್ರ ಗಟ್ಟಿಯಾಗಿ ಹರಳಿನ ಕೆಲಸ ಸುಲಭವಾಗುತ್ತದೆ.

ಗುರುತಿಸುವುದು ಹೇಗೆ?

ಮೂತ್ರ ಕಟ್ಟಿದ ಎತ್ತು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಹಿಂಗಾಲನ್ನು ಎತ್ತಿ ಎತ್ತಿ ಇಡುತ್ತದೆ. ಹೊಟ್ಟೆಗೆ ಒದೆಯುತ್ತದೆ, ಬಾಲ ಆಡಿಸುತ್ತದೆ, ಬೆನ್ನು ಕಮಾನು ಮಾಡಿ ತಿಣುಕುತ್ತದೆ. ಹನಿಹನಿಯಾಗಿ ಮೂತ್ರ ಬೀಳಬಹುದು, ಅದರಲ್ಲಿ ರಕ್ತದ ಛಾಯೆ ಇರಬಹುದು. ಮೂತ್ರ ಬೀಳುವ ಕಡೆಯ ಕೂದಲನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅದು ಒಣಗಿದ್ದು, ಮರಳಿನಂತಹ ಕಣಗಳು ಕೈಗೆ ಹತ್ತುವುದುಂಟು. ಎತ್ತು ತಿಣುಕುವುದನ್ನು ಕಂಡು ಮಲಬದ್ಧತೆ ಎಂದು ತಿಳಿದು ಭೇದಿಗೆ ಔಷಧ ಕುಡಿಸುವವರು ಹಲವರು. ಬಲವಂತವಾಗಿ ನೀರು, ಕಷಾಯ ಕುಡಿಸುವವರೂ ಇದ್ದಾರೆ. ದಾರಿ ಪೂರ್ತಿ ಮುಚ್ಚಿರುವಾಗ ಹೀಗೆ ನೀರು ತುಂಬಿಸುವುದು, ಮೂತ್ರ ಹೆಚ್ಚಿಸುವ ಔಷಧ ಕೊಡುವುದು ಉಬ್ಬಿದ ಮೂತ್ರಾಶಯವನ್ನು ಇನ್ನಷ್ಟು ಉಬ್ಬಿಸುತ್ತದೆ.

ಎರಡು ಮೂರು ದಿನ ಹೀಗೆ ಕಳೆದರೆ ಒಂದು ಹೊತ್ತಿನಲ್ಲಿ ಎತ್ತಿನ ಒದ್ದಾಟ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಶಾಂತವಾಗಿ ನಿಂತ ಎತ್ತನ್ನು ಕಂಡು ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ. ಮೋಸಹೋಗುವುದು ಇಲ್ಲಿಯೇ. ಮೂತ್ರಾಶಯ ಒಡೆದು ಒತ್ತಡ ಇಳಿದದ್ದರಿಂದ ನೋವು ನಿಂತಿದೆಯೇ ಹೊರತು ಬೇನೆ ಹೋಗಿಲ್ಲ. ಮೂತ್ರವೆಲ್ಲ ಹೊಟ್ಟೆಯೊಳಗೆ ಸುರಿದು, ಮುಂದಿನ ದಿನಗಳಲ್ಲಿ ಹೊಟ್ಟೆ ಎರಡೂ ಪಕ್ಕ ಇಳಿಬಿದ್ದು ನೀರು ತುಂಬಿದ ಚರ್ಮದ ಚೀಲದಂತಾಗುತ್ತದೆ. ಹೊರಹೋಗಬೇಕಾದ ಯೂರಿಯಾ ರಕ್ತದಲ್ಲಿ ಏರುತ್ತಾ ಹೋಗಿ ಎತ್ತು ಮಂಕಾಗಿ ಸಾಯುತ್ತದೆ. ಕೆಲವು ಎತ್ತುಗಳಲ್ಲಿ ಮೂತ್ರಾಶಯದ ಬದಲು ಹೊರನಾಳ ಒಡೆದು, ಹೊಟ್ಟೆಯ ಕೆಳಗಿನ ಚರ್ಮದಡಿಯಲ್ಲಿ ಮೂತ್ರ ತುಂಬಿ ಬಾವು ಬರುತ್ತದೆ.

ಆದುದರಿಂದ ಎತ್ತು ಬೆಳಗಿನಿಂದ ಸಂಜೆಯವರೆಗೆ ಗಂಜಲ ಹೊಯ್ಯದೆ ತಿಣುಕುತ್ತಿದ್ದರೆ ಅಂದೇ ಪಶುವೈದ್ಯರನ್ನು ಕರೆಸಬೇಕು. ಗುದದ್ವಾರದ ಮೂಲಕ ಕೈಹಾಕಿ ಮೂತ್ರಾಶಯದ ಉಬ್ಬನ್ನು ಅವರು ಪತ್ತೆಮಾಡುತ್ತಾರೆ. ಮೂತ್ರಾಶಯ ಒಡೆಯುವ ಮುನ್ನ ಹೊರನಾಳವನ್ನು ಸೀಳಿ ಹರಳು ತೆಗೆಯುವ ಅಥವಾ ಮೂತ್ರಾಶಯಕ್ಕೆ ರಬ್ಬರಿನ ನಳಿಕೆ ಇಟ್ಟು ಮೂತ್ರ ಹೊರತರುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಸಫಲವಾಗುತ್ತದೆ. ನಳಿಕೆ ಇಟ್ಟಾಗ ಮೂತ್ರವನ್ನು ಆಮ್ಲಗುಣಕ್ಕೆ ತಿರುಗಿಸುವ ಅಮೋನಿಯಂ ಕ್ಲೋರೈಡನ್ನು ಬಾಯಿಯ ಮೂಲಕ ಕೊಡುತ್ತಾರೆ. ರಂಜಕದ ಹರಳು ಇದರಿಂದ ಕರಗುತ್ತದೆ, ಸಿಲಿಕಾ ಹರಳು ಕರಗದು. ಪ್ರಮಾಣ ತಪ್ಪಿದರೆ ಅಪಾಯವಿರುವುದರಿಂದ ಇದನ್ನು ಅಂಗಡಿಯಿಂದ ತಂದು ತಾವಾಗಿಯೇ ಕೊಡಕೂಡದು.

ಟಗರು ಮತ್ತು ಹೋತಗಳಲ್ಲಿ ಶಿಶ್ನದ ತುದಿಗೆ ಹುಳುವಿನಂತಹ ಸಣ್ಣ ಬಾಲವೊಂದಿದ್ದು, ಹರಳು ಹೆಚ್ಚಾಗಿ ಅದರಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪಶುವೈದ್ಯರು ಅದನ್ನು ಕತ್ತರಿಸಿದ ಕೂಡಲೇ ಕೆಲವೊಮ್ಮೆ ಮೂತ್ರ ಹರಿಯತೊಡಗುತ್ತದೆ. ಕಾಳು ಹಾಕಿ ಕೊಬ್ಬಿಸುವ ಟಗರುಗಳಲ್ಲಿ ಈ ತೊಂದರೆ ಹೆಚ್ಚು.

ಒಮ್ಮೆ ಹರಳಾದ ಎತ್ತಿಗೆ ಮತ್ತೆ ಆಗುವುದುಂಟು. ಅಂತಹ ಎತ್ತಿಗೆ ತವುಡನ್ನು ತಗ್ಗಿಸಿ, ಸುಣ್ಣದ ಅಂಶ ಹೆಚ್ಚಿರುವ ಶೇಂಗಾ ಬಳ್ಳಿ, ಹುರುಳಿ ಹೊಟ್ಟು, ಕುದುರೆಮೆಂತೆಗಳನ್ನು ಹುಲ್ಲಿನೊಡನೆ ಕೊಡಬೇಕು. ದಿನಕ್ಕೆ 30 ಗ್ರಾಂ ಉಪ್ಪನ್ನು ತಿಂಡಿಯಲ್ಲಿ ಬೆರೆಸಿದರೆ ಬಾಯಾರಿಕೆ ಹೆಚ್ಚಿ ಎತ್ತು ತಾನಾಗಿ ನೀರು ಕುಡಿಯುತ್ತದೆ. ಆದರೆ ಉಪ್ಪು ಕೊಟ್ಟು ನೀರು ಇಡದಿದ್ದರೆ ಅದು ಕೇಡಿಗೇ ದಾರಿ. ಉಳುಮೆಯ ದಿನಗಳಲ್ಲಿ ನಡುಹೊತ್ತಿಗೆ ನೊಗ ಇಳಿಸಿದಾಗ ಹೊಲದ ಬದುವಿನಲ್ಲಿಯೇ ಒಂದು ಕೊಪ್ಪರಿಗೆ ನೀರು ಸಿದ್ಧವಾಗಿರಬೇಕು.